ಕೆಂಡದ ಬೀರು

ನನ್ನನ್ನು ಗುಂಡ್ಲುಪೇಟೆಗೆ ಹಾಕಿದಾಗ ನನಗೆ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಹೆರಿಗೆ ಮಾಡಿಸುವ ತರಬೇತಿ ಮುಗಿಸಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಬಿಳಿ ಸೀರೆ ಉಟ್ಟುಕೊಂಡು, ಚರ್ಮದ ಚೀಲ ಹಿಡಿದುಕೊಂಡು ಬಂದಿದ್ದೆ. ಊರಿನವರು ನನ್ನನ್ನು ನರ್ಸಮ್ಮ ಎಂದರು. ನನ್ನ ಹೆಸರು ಏನೆಂದು ಅಲ್ಲಿ ಇದ್ದ ಅಷ್ಟೂ ವರ್ಷ ಯಾರೂ ಕೇಳಲಿಲ್ಲ.

ಮದುವೆಯಾದ ಮೂರನೇ ವರ್ಷವೇ ಗಂಡ ವಿಷಮಶೀತ ಜ್ವರದಲ್ಲಿ ಹೋಗಿದ್ದರು. ಮಕ್ಕಳಿರಲಿಲ್ಲ. ತವರಿಗೆ ಬಂದು ಒಂದು ವರ್ಷ ಮೂಲೆಯಲ್ಲಿ ಕೂತಿದ್ದವಳು, ತರಬೇತಿಗೆ ಸೇರುತ್ತೇನೆ ಎಂದಾಗ ಅಪ್ಪ ಒಂದೇ ಮಾತು ಹೇಳಿದ: "ಕಂಡೋರ ಮನೆ ಸೂತಕ ಬಳಿಯಕ್ಕೆ ಓಗ್ತೀನಿ ಅನ್ನೋಳು ಇನ್ನು ನನ್ನ ಮಾತಾಡಿಸ್ಬ್ಯಾಡ." ನಾನು ಹೋದೆ. ಅವನು ಹೇಳಿದ ಹಾಗೇ ನಡೆದುಕೊಂಡ. ಚಾಮರಾಜನಗರದಲ್ಲಿ ನಮ್ಮ ಮನೆಯ ಮುಂದಿನ ಪಡಸಾಲೆಯೇ ಅವನ ಅಂಗಡಿ. ಬಕೆಟ್ಟು, ಕೊಳಗ, ಲಾಟೀನು ರಿಪೇರಿ ಮಾಡುವ ತಗಡಿನ ಕೆಲಸ. ಹಬ್ಬಕ್ಕೆಂದು ನಾನು ಹೋದರೆ, ನಾನು ಪಡಸಾಲೆ ದಾಟಿ ಒಳಗೆ ಹೋಗುವ ತನಕ ಸುತ್ತಿಗೆಯ ಸದ್ದು ನಿಲ್ಲುತ್ತಿರಲಿಲ್ಲ. ಹೀಗೆ ಐದು ವರ್ಷವಾಗಿತ್ತು.

ಗುಂಡ್ಲುಪೇಟೆಯಲ್ಲಿ ನನಗೆ ಸಿಕ್ಕ ಮನೆ ಎರಡು ಅಂಕಣದ ಹೆಂಚಿನದು. ನನಗಿಂತ ಮುಂಚೆ ಅಲ್ಲಿದ್ದ ನರ್ಸಮ್ಮ ವೈನಾಡಿನ ಕಡೆಯವಳು. ಮದುವೆ ಗೊತ್ತಾಗಿ ಊರಿಗೆ ವಾಪಸು ಹೋಗುವಾಗ ಒಂದು ವಿಚಿತ್ರ ಸಾಮಾನನ್ನು ಬಿಟ್ಟುಹೋಗಿದ್ದಳು. ನೋಡಲು ಬಟ್ಟೆ ಇಡುವ ಮರದ ಬೀರು, ಆಳೆತ್ತರ. ಬಾಗಿಲು ತೆಗೆದರೆ ಒಳಗೆಲ್ಲ ತಗಡು ಹೊಡೆದಿತ್ತು. ಮೇಲೆ ಅಡ್ಡಡ್ಡ ನಾಲ್ಕು ಕಬ್ಬಿಣದ ಸರಳು, ತಳದಲ್ಲಿ ಕೆಂಡ ಹಾಕುವ ತಗಡಿನ ತಟ್ಟೆ, ನೆತ್ತಿಯಿಂದ ಒಂದು ಕೊಳವೆ ಹೊರಟು ಗೋಡೆಯ ಕಿಂಡಿಯಲ್ಲಿ ಆಚೆ ಹೋಗುತ್ತಿತ್ತು. ತಟ್ಟೆಗೆ ಇದ್ದಿಲ ಕೆಂಡ ಹಾಕಿ, ಸರಳಿನ ಮೇಲೆ ಒದ್ದೆ ಬಟ್ಟೆ ಹರವಿ ಬಾಗಿಲು ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ಗರಿಗರಿಯಾಗಿ ಒಣಗಬೇಕು. ವರ್ಷದ ಅರ್ಧ ಮಳೆ ಸುರಿಯುವ ಕಡೆಯಿಂದ ಬಂದವಳಲ್ಲವೇ, ಬಡಗಿಯನ್ನು ಕೂರಿಸಿಕೊಂಡು ಮಾಡಿಸಿದ್ದಳಂತೆ. ನಾನು ಬರುವ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಬಾಗಿಲು ಜೋತುಬಿದ್ದಿತ್ತು, ತಗಡು ಅಲ್ಲಲ್ಲಿ ತುಕ್ಕು ಹಿಡಿದು ಎದ್ದಿತ್ತು. ನನಗೇಕೆ ಇದು ಎಂದುಕೊಂಡು ಅದರೊಳಗೆ ರಾಗಿ ಮಡಕೆ ಇಟ್ಟೆ.

ಏಕೆ ಬೇಕೆಂದು ಎರಡನೇ ದಿನವೇ ತಿಳಿಯಿತು. ಹೆರಿಗೆಗೆ ಬಳಸುವ ಬಟ್ಟೆಯನ್ನು ಕುದಿಸಿ, ಒಣಗಿಸಿ, ಮಡಿಸಿ, ಯಾರೂ ಮುಟ್ಟದ ಹಾಗೆ ಇಡಬೇಕು. ಅದನ್ನು ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದೆ. ಹಿತ್ತಲು, ಬಾವಿ ಎರಡೂ ನನಗೂ ಪಕ್ಕದ ಮನೆಗೂ ಸೇರಿದ್ದು. ಪಕ್ಕದವರದು ಈರುಳ್ಳಿ ಮಂಡಿ. ಆ ಮನೆಯ ಯಜಮಾನಿ ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು, ಹಣೆ ತುಂಬ ವಿಭೂತಿ, ಮೂರು ಹೆಣ್ಣುಮಕ್ಕಳ ತಾಯಿ. ಅವರು ಬಾವಿಕಟ್ಟೆಯ ಆ ಪಕ್ಕದಲ್ಲೇ ನಿಂತು ಹೇಳಿದರು:

"ತಪ್ಪು ತಿಳ್ಕಬ್ಯಾಡಿ ನರ್ಸಮ್ಮ. ಈ ಬಾವಿತಾವ ನಾವು ಲಿಂಗಪೂಜೆಗೆ ನೀರು ಸೇದ್ತೀವಿ. ಹೆರಿಗೆ ಮನೆ ಬಟ್ಟೆ ನಮ್ಮ ಕಣ್ಮುಂದ್ಕೆ ಬ್ಯಾಡ."

"ಕುದಿಸಿರೋದು ಅಕ್ಕಾ, ಒಂದು ಚೂರೂ ಕೊಳೆ ಇಲ್ಲ."

"ಕೊಳೆ ಮಾತಲ್ಲ ನರ್ಸಮ್ಮ," ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಬಟ್ಟೆ ತೆಗೆದೆ, ರಾಗಿ ಮಡಕೆಯನ್ನು ಬೀರುವಿನಿಂದ ಆಚೆ ಇಟ್ಟೆ.

ಆಷಾಢದಲ್ಲಿ ಬಂಡೀಪುರದ ಕಡೆಯಿಂದ ಗಾಳಿ ಎದ್ದಿತು. ಅದರ ಹಿಂದೆಯೇ ಸೋನೆ. ಜೋರು ಮಳೆಯಲ್ಲ, ಹಿಟ್ಟು ಜರಡಿ ಹಿಡಿದ ಹಾಗೆ ಬೆಳಗಿನಿಂದ ಸಂಜೆಯವರೆಗೆ ಉದುರುವ ಹನಿ. ಗಾಳಿಗೆ ಅದು ಮನೆಯೊಳಕ್ಕೇ ನುಗ್ಗುತ್ತಿತ್ತು. ಬಾಗಿಲು, ಕಿಟಕಿ ಹಾಕಿಕೊಂಡು, ಬೀರುವಿಗೆ ಕೆಂಡ ತುಂಬಿ ಅದರ ಮುಂದೆ ಕೂತಿರುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಅದು ಹೆರಿಗೆಗೆ ಕರೆಯಲು. ಕರೆಯಲು ಬಂದವರು ನನ್ನನ್ನು ಓಡಿಸಿಕೊಂಡು ಹೋಗುತ್ತಿದ್ದರು. ಮಗು ಹುಟ್ಟಿ, ಅತ್ತು, ಹಾಲು ಕುಡಿದ ಮೇಲೆ ನನ್ನ ಮೇಲಿನ ಅವರ ಕಣ್ಣು ಬೇರೆಯಾಗುತ್ತಿತ್ತು. ಗಂಡ ಸತ್ತವಳು. ತೊಟ್ಟಿಲಿಗೆ ಹಾಕುವ ಮುಂಚೆ ನಾನು ಹೊರಟುಬಿಟ್ಟಿರಬೇಕು. ಯಾರೂ ಹೋಗು ಎನ್ನುತ್ತಿರಲಿಲ್ಲ. ನನ್ನ ಚೀಲವನ್ನು ತಂದು ಹೊಸಲ ಹತ್ತಿರ ಇಡುತ್ತಿದ್ದರು. ವಾಪಸು ಒಬ್ಬಳೇ ನಡೆದು ಬರುತ್ತಿದ್ದೆ.

ಆ ದಿನಗಳಲ್ಲಿ ನನಗೆ ತಲೆನೋವು ಹಿಡಿಯಿತು. ಮಧ್ಯಾಹ್ನ ಕಳೆದರೆ ಸಾಕು, ಹಣೆಗೆ ಪಟ್ಟಿ ಕಟ್ಟಿ ಬಿಗಿದ ಹಾಗೆ. ಎದ್ದರೆ ಕಣ್ಣು ಕತ್ತಲೆ. ಊಟ ಸೇರದು, ಸುಮ್ಮಸುಮ್ಮನೆ ಅಳು ಬರುವುದು. ಸೌಟು ಎತ್ತಲೂ ಬೇಸರ. ಇದು ಒಂಟಿತನದ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಅಷ್ಟರಲ್ಲಿ ಬೀರುವಿನ ಕೆಂಡದ ತಟ್ಟೆ ತಳ ತೂತಾಯಿತು. ಪೇಟೆ ಬೀದಿಯ ತಗಡಿನವನ ಹತ್ತಿರ ತೆಗೆದುಕೊಂಡು ಹೋದೆ. ಅವನು ಒಂದು ತುಂಡು ತಗಡನ್ನು ತಳಕ್ಕೆ ಕೂರಿಸಿ, ಸುತ್ತ ಬೆಸುಗೆ ಹಾಕಿ, ಬೆಳ್ಳಿಯ ಹಾಗೆ ಹೊಳೆಯುವಂತೆ ಮಾಡಿ ಕೊಟ್ಟ. ಮೂರನೇ ದಿನ ನಾನು ಅಡುಗೆ ಒಲೆಯ ಹತ್ತಿರ ಇದ್ದಾಗ ಬೀರುವಿನೊಳಗೆ ಧಪ್ ಎಂದಿತು. ತಟ್ಟೆಯ ತಳ ಕಳಚಿ, ಕೆಂಡವೆಲ್ಲ ಹಲಗೆಯ ಮೇಲೆ ಬಿದ್ದಿತ್ತು. ಬಾಗಿಲು ತೆಗೆಯುವುದೇ ತಡ, ಗಾಳಿಗೆ ಭಗ್ಗೆಂದು ಒಂದು ಬಟ್ಟೆಗೆ ಹತ್ತಿಕೊಂಡಿತು. ಕುಡಿಯುವ ನೀರಿನ ಕೊಡವನ್ನು ಎತ್ತಿ ಹಾಗೇ ಸುರಿದೆ. ಮನೆ ತುಂಬ ಹೊಗೆ, ಬೂದಿ, ಕಪ್ಪು ನೀರು. ಒಂದು ವಾರದಿಂದ ಕುದಿಸಿ ಒಣಗಿಸಿ ಇಟ್ಟಿದ್ದ ಬಟ್ಟೆಗಳೆಲ್ಲ ಹಾಳು. ಆ ಕಪ್ಪು ನೀರಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಕೂಗಿ ಹೇಳಿಕೊಳ್ಳೋಣ ಎಂದರೆ ಯಾರನ್ನು ಕೂಗುವುದು ಎಂದು ಹೊಳೆಯಲಿಲ್ಲ.

ಮಾರನೇ ದಿನ ರಜೆ ಹೇಳಿ, ತಟ್ಟೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಅಲ್ಲೂ ಒಬ್ಬ ತಗಡಿನವನ ಅಂಗಡಿ ಕಂಡಿತು. ಇಲ್ಲೇ ಇಳಿದುಬಿಡಲೇ ಎನ್ನಿಸಿತು. ಬಸ್ಸು ಹೊರಡುವ ತನಕ ಆ ಅಂಗಡಿಯನ್ನೇ ನೋಡುತ್ತಾ ಕೂತಿದ್ದೆ. ಇಳಿಯಲಿಲ್ಲ.

ಅಪ್ಪ ಪಡಸಾಲೆಯಲ್ಲಿ ಬಕೆಟ್ಟಿನ ಕಂಠ ಮಡಿಸುತ್ತಿದ್ದ. ನಾನು ಒಳಗೆ ಹೋಗಲಿಲ್ಲ. ಗೋಣಿ ಬಿಚ್ಚಿ, ತಟ್ಟೆಯನ್ನು ಅವನ ಮುಂದೆ ಇಟ್ಟು ಜಗಲಿಯ ಮೇಲೆ ಕೂತೆ. ಅವನು ತಲೆ ಎತ್ತಲಿಲ್ಲ. ಅತ್ತಿಗೆ ಬಾಗಿಲಲ್ಲಿ ಇಣುಕಿ, ನೀರಿನ ಚೆಂಬು ತಂದಿಟ್ಟು ಒಳಗೆ ಹೋದಳು. ಬಕೆಟ್ಟಿನ ಕಂಠ ಪೂರಾ ಒಂದು ಸುತ್ತು ಮುಗಿಯಿತು. ಆಮೇಲೆ ಅಪ್ಪ ತಟ್ಟೆಯನ್ನು ಎಳೆದುಕೊಂಡ, ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಅಂಚು ಸವರಿದ.

"ಯಾರ್ ಮಾಡಿದ್ದು ಇದ?"

ಕೇಳಿದ್ದು ತಟ್ಟೆಯನ್ನೋ ನನ್ನನ್ನೋ ಗೊತ್ತಾಗಲಿಲ್ಲ. "ಗುಂಡ್ಲುಪೇಟೆ ತಗಡಿನವನು" ಎಂದೆ.

"ಬೆಂಕಿ ಮಡಗೋ ತಟ್ಟೆಗೆ ಬೆಸುಗೆ ಆಕವ್ನೆ, ದಡ್ಡನನ್ಮಗ. ಕೆಂಡದ ಮುಂದೆ ಬೆಸುಗೆ ನಿಂತದ? ಬೆಣ್ಣೆ ಕರಗ್ದಂಗೆ ಕರಗೋಯ್ತದೆ. ಇದಕ್ಕೆ ರಿವೀಟು ಹೊಡೀಬೇಕು." ತಟ್ಟೆಯನ್ನು ತಿರುವಿ ಹಾಕಿ, "ಏನಕ್ಕಿದು?" ಎಂದ.

ಹೇಳಿದೆ. ಅವನಿಗೆ ಬೀರು ಕಣ್ಣಿಗೆ ಕಟ್ಟಲಿಲ್ಲ. ಇದ್ದಿಲ ಚೂರು ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದೆ: ಇಲ್ಲಿ ತಟ್ಟೆ, ಇಲ್ಲಿ ಸರಳು, ಕೊಳವೆ ಹೀಗೆ ಹೋಗುತ್ತದೆ. ಅಪ್ಪ ಬಗ್ಗಿ ನೋಡಿದ. ಕೊಳವೆ ಎಷ್ಟು ದಪ್ಪ, ಎಲ್ಲಿ ಬಾಗುತ್ತದೆ, ಆಚೆ ಬಾಯಿ ಎತ್ತ ಕಡೆಗಿದೆ ಎಂದೆಲ್ಲ ಕೇಳಿದ.

"ಮನೆ ಬಾಗ್ಲು ಮುಚ್ಕತೀಯಾ?"

"ಸೋನೆ ಹೊಡೀತದಲ್ಲ, ಮುಚ್ತೀನಿ."

"ತಲೆ ನೋಯ್ತದಾ?"

ಬೆಚ್ಚಿದೆ. "ನೋಯ್ತದೆ."

"ಯಾವಾಗ್ನಿಂದ?"

"ಸೋನೆ ಹಿಡ್ದಾಗ್ನಿಂದ."

ಅವನು ಮೊದಲ ಸಲ ನನ್ನ ಮುಖ ನೋಡಿದ. ಅವನ ಹುಬ್ಬೆಲ್ಲ ನರೆತುಹೋಗಿರುವುದು ನನಗೆ ಆಗಲೇ ಕಂಡದ್ದು.

"ಕೊಳವೆ ಕಟ್ಕಂಡದೆ. ಇದ್ಲು ಕೆಂಡಕ್ಕೆ ಹೊಗೆ ಕಾಣದಿಲ್ಲ, ಮನೆ ಗಾಳಿ ಕೆಟ್ಟೋಯ್ತದೆ. ಮುಚ್ಚಿದ ಮನೇಲಿ ಕೆಂಡ ಇಕ್ಕಂಡು ಮನಗಿ ಸತ್ತೋರ ನಾ ಕಂಡಿದ್ದೀನಿ. ನರ್ಸು ಓದಿದ್ದೀಯ, ಇಷ್ಟು ಗೊತ್ತಾಗ್ನಿಲ್ವಾ?"

ಗೊತ್ತಿತ್ತು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿದವರನ್ನು ನಾನೇ ಎಷ್ಟೋ ಮನೆಗಳಲ್ಲಿ ಬೈದಿದ್ದೆ. ನನ್ನ ತಲೆಯ ನೋವಿಗೆ ಮಾತ್ರ ಬೇರೆ ಕಾರಣ ಹುಡುಕಿಕೊಂಡಿದ್ದೆ. ನಾಚಿಕೆಯಾಯಿತು.

ಅಪ್ಪ ಒಳಗಿನಿಂದ ಡಾಂಬರು ಡ್ರಮ್ಮಿನ ದಪ್ಪ ತಗಡು ಒಂದನ್ನು ಎಳೆದು ತಂದ. ತಟ್ಟೆಯ ಅಳತೆಗೆ ಕತ್ತರಿಸಿ, ನಾಲ್ಕೂ ಅಂಚು ಮಡಿಸಿದ. ಮೂಲೆಯಲ್ಲಿ ತೂತು ಕೊರೆದು, ಗಿಡ್ಡ ಮೊಳೆಯಂಥ ರಿವೀಟನ್ನು ಕೆಳಗಿನಿಂದ ತೂರಿಸಿ, ಮೇಲೆ ಬಂದ ತುದಿಯನ್ನು ಬಡಿದು ಬಡಿದು ಗುಂಡಿಯ ಹಾಗೆ ಚಪ್ಪಟೆ ಮಾಡಿದ. ಆಮೇಲೆ ಸುತ್ತಿಗೆಯನ್ನು ನನ್ನ ಕಡೆ ತಳ್ಳಿದ. "ಹೊಡಿ."

ಒಂದು ಹೊಡೆದೆ. ಸೊಟ್ಟಗಾಯಿತು. ಕಿತ್ತುಹಾಕಿ ಮತ್ತೆ ಹೊಡಿ ಎಂದ. ಎರಡನೇದು ನಿಂತಿತು.

"ಮಿಕ್ಕಿದ್ದ ನೀನೇ ಮಾಡ್ಕ. ಕೆಟ್ಟಾಗೆಲ್ಲ ಹೊತ್ಕ ಬರಕ್ಕಾದದ?" ಎಂದು, ಒಂದು ಹಿಡಿ ರಿವೀಟು, ತೂತು ಹೊಡೆಯುವ ಉಳಿ, ಹಿಡಿ ಸವೆದ ಒಂದು ಚಿಕ್ಕ ಸುತ್ತಿಗೆ ಎಲ್ಲವನ್ನೂ ತಟ್ಟೆಯೊಳಗೆ ಹಾಕಿ ಗೋಣಿ ಕಟ್ಟಿದ. ಅತ್ತಿಗೆ ಮುದ್ದೆ, ಉಪ್ಪುಸಾರು ಬಡಿಸಿದಳು. ನಾನು ಉಣ್ಣುವಾಗ ಅಪ್ಪ ಒಳಗೆ ಬರಲಿಲ್ಲ. "ಬತ್ತೀನಪ್ಪ" ಎಂದಾಗ "ಹೂಂ" ಎಂದ. ಬೀದಿ ತಿರುಗುವ ತನಕ ಸುತ್ತಿಗೆಯ ಸದ್ದು ಕೇಳಿಸಲಿಲ್ಲ. ತಿರುಗಿದ ಮೇಲೆ ಕೇಳಿಸಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಹಿತ್ತಲಲ್ಲಿ ಏಣಿ ಹಾಕಿ ಕೊಳವೆಯ ಬಾಯಿಗೆ ಕಡ್ಡಿ ಹಾಕಿದ್ದು. ತೆಂಗಿನ ನಾರು, ಹತ್ತಿ, ಒಣ ಹುಲ್ಲು ಉಂಡೆ ಉಂಡೆಯಾಗಿ ಬಂತು. ಅಳಿಲಿನ ಗೂಡು. ಮರಿಗಳಿರಲಿಲ್ಲ, ಬಿಸಿಗೆ ಬಿಟ್ಟುಹೋದ ಗೂಡು. ಅದರಲ್ಲಿ ನನ್ನದೇ ಬ್ಯಾಂಡೇಜು ಬಟ್ಟೆಯ ಎಳೆಗಳೂ ಇದ್ದವು.

ಎರಡು ದಿನದಲ್ಲಿ ತಲೆನೋವು ಬಿಟ್ಟಿತು. ಊಟ ಸೇರಿತು. ಅಳು ಮೊದಲಿನಷ್ಟು ಬರುತ್ತಿರಲಿಲ್ಲ. ನನ್ನ ಎದೆಯದು ಎಂದುಕೊಂಡದ್ದರಲ್ಲಿ ಅರ್ಧ ಆ ಕೊಳವೆಯದಾಗಿತ್ತು. ಉಳಿದದ್ದು ಹಾಗೇ ಇತ್ತು, ಸಂಜೆ ದೀಪ ಹಚ್ಚುವಾಗ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಆದರೆ ಎಷ್ಟು ನನ್ನದು, ಎಷ್ಟು ಅಲ್ಲ ಎಂದು ತಿಳಿದದ್ದೇ ಒಂದು ಸಮಾಧಾನ.

ಬೀರು ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಬಡಿಯಲು ಕೆಳಗೆ ಗಟ್ಟಿಯಾದದ್ದು ಬೇಕಲ್ಲ, ಒರಳ ಗುಂಡನ್ನೇ ಮಗ್ಗುಲಾಗಿ ಮಲಗಿಸಿ ಅದರ ಮೇಲೆ ತಟ್ಟೆ ಇಟ್ಟುಕೊಂಡೆ. ಒಂದು ರಿವೀಟು ಕೂರಲು ಅರ್ಧ ಗಂಟೆ. ಮೂರನೇದು ಹೊಡೆಯುವಾಗ ಏಟು ಹೆಬ್ಬೆರಳಿಗೆ ಬಿತ್ತು. ಆ ರಿವೀಟು ಸೊಟ್ಟಗೇ ಉಳಿಯಿತು, ಕೀಳಲು ಧೈರ್ಯ ಸಾಲಲಿಲ್ಲ. ಸುಟ್ಟ ಹಲಗೆಯನ್ನು ತೆಗೆದು ಅಲ್ಲಿ ಎರಡು ಸಾಲು ಇಟ್ಟಿಗೆ ಜೋಡಿಸಿದೆ. ಎದ್ದ ತಗಡನ್ನು ಬಡಿದು ಕೂರಿಸಿದೆ. ಬಾಗಿಲಿನ ತಿರುಗಣಿ ಸಡಿಲವಾಗಿದ್ದಲ್ಲಿ ಹೊಸ ಮೊಳೆ. ಕೊಳವೆಯ ಕೀಲುಗಳಿಗೆ ಜೇಡಿಮಣ್ಣು, ಬೂದಿ ಕಲಸಿ ಮೆತ್ತಿದೆ. ಬಡಿತದ ಸದ್ದಿಗೆ ಪಕ್ಕದ ಮನೆಯ ಅಕ್ಕ ಬಾವಿಕಟ್ಟೆಗೆ ಬಂದು ಎಟುಕಿ ನೋಡಿದರು.

"ಏನ್ ನರ್ಸಮ್ಮ, ಕುಲುಮೆ ಇಕ್ಕಿದ್ದೀರಾ?"

"ಹೂಂ ಅಕ್ಕಾ. ನಮ್ಮಪ್ಪ ತಗಡಿನ ಕೆಲಸದವನು."

"ಅಂಗಾ?" ಎಂದರು. ನನಗೂ ಒಬ್ಬ ಅಪ್ಪ ಇರಬಹುದೆಂದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲವೇನೋ. ಅವರ ಸೆರಗು ಹೊಟ್ಟೆಯ ಮೇಲೆ ಎತ್ತರವಾಗಿ ನಿಂತಿದ್ದನ್ನು ನಾನು ಗಮನಿಸಿದೆ. ಆರು ತಿಂಗಳು ತುಂಬಿರಬೇಕು. ಕೇಳಲಿಲ್ಲ.

ಐದನೇ ದಿನ ಕೆಂಡ ಹಾಕಿ, ಒಂದು ಒದ್ದೆ ಟವಲನ್ನು ಒಳಗೆ ಹರವಿ, ಮನೆ ಬಾಗಿಲನ್ನು ಗೇಣಗಲ ತೆಗೆದಿಟ್ಟು, ಹಿತ್ತಲಿಗೆ ಹೋಗಿ ಏಣಿ ಹತ್ತಿದೆ. ಕೊಳವೆಯ ಬಾಯಿಗೆ ಅಂಗೈ ಒಡ್ಡಿದರೆ ಬಿಸಿ ಗಾಳಿ ತಾಗಿತು. ಮುಖ ಒಡ್ಡಿದೆ. ಸೋನೆ ಬೀಳುತ್ತಲೇ ಇತ್ತು. ಟವಲು ಒಣಗಿ ಹಪ್ಪಳದಂತಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತೆ. ಯಾರಿಗಾದರೂ ತೋರಿಸಬೇಕು ಎನ್ನಿಸಿ, ಒಬ್ಬರೂ ಇಲ್ಲದೆ, ಮಡಿಸಿ ಮತ್ತೆ ಬಿಚ್ಚಿದೆ. ಅಪ್ಪನಿಗೆ ಒಂದು ಕಾರ್ಡು ಬರೆದೆ: ತಟ್ಟೆ ನಿಂತಿದೆ, ತಲೆನೋವಿಲ್ಲ, ಕೊಳವೆಯಲ್ಲಿ ಅಳಿಲು ಗೂಡು ಕಟ್ಟಿತ್ತು. ಅವನಿಗೆ ಓದಲು ಬಾರದು, ಅಣ್ಣ ಓದಿ ಹೇಳುತ್ತಾನೆ. ಜವಾಬು ಬರಲಿಲ್ಲ. ನಾನು ಎದುರುನೋಡಲಿಲ್ಲ ಎಂದರೆ ಸುಳ್ಳು. ಅಂಚೆಯವನು ನಮ್ಮ ಬೀದಿಗೆ ಬರುವ ಹೊತ್ತಿಗೆ ಜಗಲಿ ಗುಡಿಸುವ ಅಭ್ಯಾಸ ಮಾಡಿಕೊಂಡಿದ್ದೆ.

ಹದಿನೈದು ದಿನ ಕಳೆದ ಮೇಲೆ ಚಾಮರಾಜನಗರದ ಬಸ್ಸಿನ ಕಂಡಕ್ಟರು ಮನೆ ಹುಡುಕಿಕೊಂಡು ಬಂದು ಒಂದು ಗಂಟು ಕೊಟ್ಟ. "ತಗಡಿನ ಅಜ್ಜ ಕೊಟ್ಟವ್ರೆ. ಅಳಿಲು ಓಗದಂಗೆ ಜಾಲರಿ ಆಕಿವ್ನಿ ಅಂತ ಹೇಳು ಅಂದ್ರು. ಅಷ್ಟೇ ಕಣಕ್ಕ ಹೇಳಿದ್ದು." ಒಳಗೆ ಕೊಳವೆಯ ಬಾಯಿಗೆ ಹಾಕುವ ತಗಡಿನ ಟೋಪಿ. ಮಳೆ ಒಳಗೆ ಬೀಳದಂತೆ ಮೇಲೊಂದು ಮುಚ್ಚಳ, ಸುತ್ತ ಸಣ್ಣ ಜಾಲರಿ. ಕೊಳವೆಯನ್ನು ಕಣ್ಣಾರೆ ನೋಡದವನು, ನಾನು ನೆಲದ ಮೇಲೆ ಬರೆದ ಗೆರೆಯ ಲೆಕ್ಕದಲ್ಲಿ ಮಾಡಿದ್ದು. ಏಣಿ ಹತ್ತಿ ಒತ್ತಿದೆ. ಸರಿಯಾಗಿ ಕೂತಿತು.

ಪಕ್ಕದ ಮನೆಯ ಅಕ್ಕನಿಗೆ ದಿನ ತುಂಬಿದ್ದು ಹಿಂಗಾರು ಮಳೆ ಹಿಡಿದಾಗ. ಬೆಳಗ್ಗೆ ಹತ್ತರ ಸುಮಾರಿಗೆ ಅವರ ದೊಡ್ಡ ಮಗಳು ಓಡಿಬಂದಳು. ಬೀರುವಿನಿಂದ ಬಟ್ಟೆಯ ಕಟ್ಟು ತೆಗೆದುಕೊಂಡು, ಬಾವಿಕಟ್ಟೆ ದಾಟಿ, ಮೊದಲ ಸಲ ಆ ಮನೆಯೊಳಗೆ ಕಾಲಿಟ್ಟೆ. ಮಗು ಅಡ್ಡ ತಿರುಗಿತ್ತು. ಹೊರಗಿನಿಂದ ಹೊಟ್ಟೆಯನ್ನು ನೀವಿ ನೀವಿ ತಿರುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. "ಬುಟ್ಟೋಗ್ಬ್ಯಾಡ ಕಣವ್ವ" ಎಂದರು. ಬಹುವಚನ ಬಿಟ್ಟುಹೋಗಿತ್ತು. ಮೂರು ಗಂಟೆಗೆ ನಾಲ್ಕನೇ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಚೆನ್ನಾಗಿದ್ದರು. ನನ್ನ ಚೀಲ ಯಥಾಪ್ರಕಾರ ಹೊಸಲ ಹತ್ತಿರ ಬಂದಿತ್ತು.

ಆದರೆ ಒಂದು ತಿಂಗಳು ಕಳೆದು, ಮೋಡ ಕವಿದು ಮಗುವಿನ ಬಟ್ಟೆ ಯಾವುದೂ ಒಣಗದೆ ಇದ್ದ ಒಂದು ದಿನ, ಅವರು ಒಂದು ಬುಟ್ಟಿ ಒದ್ದೆ ಬಟ್ಟೆ ಹಿಡಿದುಕೊಂಡು ನನ್ನ ಹೊಸಲ ಹತ್ತಿರ ನಿಂತರು. "ನಿಮ್ಮ ಬೀರುವಲ್ಲಿ ಒಂಚೂರು..." ನಾನು ಬುಟ್ಟಿ ಇಸಿದುಕೊಂಡೆ. ಬಟ್ಟೆ ಒಣಗುವ ತನಕ ಅವರು ಹೊಸಲ ಆಚೆ ಕೂತು, ಮಗುವಿಗೆ ಹಾಲು ಕೊಡುತ್ತಾ, ಮಂಡಿಗೆ ಬಂದ ಈರುಳ್ಳಿ ಕೊಳೆತದ್ದು, ಕೇರಳಕ್ಕೆ ಹೋದ ಲಾರಿ ಗಡಿ ಹತ್ತಿರದ ಮದ್ದೂರು ಕಾಡಲ್ಲಿ ಕೆಟ್ಟು ನಿಂತದ್ದು ಎಲ್ಲ ಹೇಳಿದರು. ಕಾಫಿ ಕೊಡಲೇ ಎಂದೆ. "ಬ್ಯಾಡಿ, ಈಗ ತಾನೆ ಕುಡ್ಕ ಬಂದೆ" ಎಂದರು. ನನ್ನ ಮನೆಯಲ್ಲಿ ಅವರು ಕಾಫಿ ಕುಡಿಯುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ದಿನಾ ಕೇಳಿದೆ. ಹನ್ನೆರಡೋ ಹದಿಮೂರೋ ದಿನ ಬಂದರು. ಆಮೇಲೆ ಬಿಸಿಲು ಬಿತ್ತು. ಮಗುವಿನ ಬಟ್ಟೆ ಅವರ ಹಗ್ಗದ ಮೇಲೆ ಹಾರಾಡತೊಡಗಿತು. ಇನ್ನೊಂದು ವಾರ ಸೋನೆ ಹಿಡಿದಿದ್ದರೆ ಎಂದು ನಾನು ಆಸೆಪಟ್ಟದ್ದು ನಿಜ.

ಮುಂದಿನ ವರ್ಷ ಬೇಸಿಗೆಯಲ್ಲಿ ಅಪ್ಪ ಬಂದ. ಗುಂಡ್ಲುಪೇಟೆಯಲ್ಲಿ ಯಾರದೋ ಮನೆಯ ಕೆಲಸವಿತ್ತಂತೆ, ದಾರಿಯಲ್ಲಿ ಸಿಕ್ಕಿತಂತೆ ನನ್ನ ಮನೆ. ಒಳಗೆ ಬಂದವನು ನೇರ ಬೀರುವಿನ ಮುಂದೆ ಹೋಗಿ, ಬಾಗಿಲು ತೆಗೆದು, ಕೂತು, ತಟ್ಟೆಯೊಳಗೆ ಕೈ ಹಾಕಿ ರಿವೀಟುಗಳನ್ನು ಒಂದೊಂದಾಗಿ ಸವರಿದ.

"ಮೂರನೇದು ಸೊಟ್ಟ."

"ಅದ ಹೊಡೀವಾಗ ಬೆಟ್ಟು ಜಜ್ಜೋಯ್ತು ಅಪ್ಪ."

"ಯಾವ ಬೆಟ್ಟು?"

ತೋರಿಸಿದೆ. ಉಗುರು ಸರಿಯಾಗಿ ಬೆಳೆದಿರಲಿಲ್ಲ. ಅವನು ಅದನ್ನು ಹಿಡಿದು ನೋಡಿ ಬಿಟ್ಟ. ತನ್ನ ಎಡಗೈ ಹೆಬ್ಬೆರಳನ್ನು ಮುಂದೆ ಚಾಚಿದ. ಅಲ್ಲೂ ಅಂಥದೇ ಒಂದು ಉಗುರು. ನೀರು ಕೇಳಿ ಕುಡಿದ. ಉಣ್ಣಪ್ಪ ಎಂದೆ. ಬಸ್ಸು ಹೋಗಿಬಿಡುತ್ತದೆ ಎಂದವನು, ಕೂತು ಎರಡು ಮುದ್ದೆ ಉಂಡ. ಆಮೇಲೆ ನಾನು ಹೇಳದೆಯೇ ಹಿತ್ತಲಿನ ಸೋರುವ ಬಕೆಟ್ಟನ್ನು ಎತ್ತಿಕೊಂಡು ಬಂದು ತಳಕ್ಕೆ ಅರಗು ಮೆತ್ತಿದ. ಸೂತಕದ ಮಾತಾಗಲಿ, ಐದು ವರ್ಷದ ಮಾತಾಗಲಿ ಅವನ ಬಾಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ.

ಬಸ್ಸಿನ ತನಕ ಜೊತೆಯಲ್ಲಿ ಹೋದೆ. ಹತ್ತುವ ಮುಂಚೆ ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ರಸ್ತೆ ನೋಡುತ್ತಾ, "ಒಬ್ಬಳೇ ಇದ್ದೀಯ ಮಗಾ, ಉಣ್ಣೋ ಹೊತ್ಗೆ ಉಣ್ಕ" ಎಂದ. ಬಸ್ಸು ಹೊರಟಿತು. ಕಿಟಕಿಯಿಂದ ಅವನು ಹಿಂದೆ ತಿರುಗಿ ನೋಡಿದನೋ ಇಲ್ಲವೋ ಧೂಳಿನಲ್ಲಿ ಕಾಣಲಿಲ್ಲ.

ಮನೆಗೆ ಬಂದರೆ ಹಂಗಳದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಒಬ್ಬ ಮುದುಕ ಜಗಲಿಯ ಮೇಲೆ ಕಾಯುತ್ತಿದ್ದ. ಸೊಸೆಗೆ ಬೆಳಗಿನಿಂದ ನೋವಂತೆ. ಚೀಲ ತೆಗೆದುಕೊಂಡು, ಬಾಗಿಲಿಗೆ ಬೀಗ ಹಾಕಿ ಗಾಡಿ ಹತ್ತಿದೆ. ನಾವು ಹೋಗುವಷ್ಟರಲ್ಲಿ ಮಗು ಹುಟ್ಟಿಯೇ ಬಿಟ್ಟಿತ್ತು. ಹೊಕ್ಕುಳ ಬಳ್ಳಿ ಕತ್ತರಿಸಿ, ತಾಯಿಯನ್ನು ನೋಡಿ, ಹೊರಗೆ ಬಂದು ಕೈ ತೊಳೆದೆ. ಬೆಲ್ಲದ ಕಾಫಿ ಕೊಟ್ಟರು. ಜಗಲಿಯ ತುದಿಯಲ್ಲಿ ಒಬ್ಬಳೇ ಕೂತು ಕುಡಿದೆ.